ಎರಡು ಸಲ ಮುರಿದ ತೇವಾಂಶ: ಒಂದು ಸೆಟ್ಟರ್ ಹೆಸರಿನ ಪ್ರಕರಣ

ದಾವಣಗೆರೆ ಎಪಿಎಂಸಿ ಯಾರ್ಡಿನ ಒಂದು ದಲಾಲಿ ಅಂಗಡಿಗೆ ನಾವು ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೇವೆ. ನಾವು ಅಂದರೆ ಮೂರು ಜನ. ವಿದ್ಯಾನಗರದಲ್ಲಿ ಒಂದು ಮನೆಯ ಮಹಡಿ ಮೇಲೆ ಎರಡು ರೂಮು, ಕೆಳಗೆ ಮಂಡಕ್ಕಿ ಮಿರ್ಚಿ ಗಾಡಿ. ಸಂಜೆ ಐದಾದರೆ ಮಿರ್ಚಿ ವಾಸನೆ ಬರುತ್ತದೆ, ಆಮೇಲೆ ಯಾರೂ ಕೋಡ್ ಬರೆಯುವುದಿಲ್ಲ.

ದೀಪಾವಳಿ ಮುಗಿದಿತ್ತು. ಮೆಕ್ಕೆಜೋಳ ಜೋರಾಗಿ ಬರುತ್ತಿದ್ದ ಹೊತ್ತು. ಅಂಗಡಿಯ ಗುಮಾಸ್ತರು ಫೋನ್ ಮಾಡಿದರು. "ಸಾರ್, ಒಂದ್ ಸಲ ಬಂದು ಹೋಗ್ರಿ. ಇಲ್ಲೊಬ್ರು ಕೂತಾರ, ಏಳಾಂಗಿಲ್ಲ ಅಂತಾರ."

ಕೂತಿದ್ದವರು ಜಗಳೂರು ಕಡೆಯ ರೈತರು. ಎಪ್ಪತ್ತರ ಹತ್ತಿರದ ವಯಸ್ಸು. ಕೈಯಲ್ಲಿ ಮೂರು ಚೀಟಿ. ಒಂದು ಕಾಟಾ ಚೀಟಿ, ಅದರಲ್ಲಿ 2400 ಕೆಜಿ. ಎರಡನೆಯದು ನಮ್ಮ ಮೊಬೈಲ್ ಆ್ಯಪ್‌ನಿಂದ ಬಂದ ಸಣ್ಣ ಚೀಟಿ, ಅದರಲ್ಲಿ ತೇವಾಂಶ 17, ತೂಕ 2328 ಕೆಜಿ. ಮೂರನೆಯದು ಆಫೀಸಿನಲ್ಲಿ ಪ್ರಿಂಟ್ ಆದ ಪಟ್ಟಿ. ಅದರಲ್ಲಿ 2258.16 ಕೆಜಿ.

ಈ ಅಂಗಡಿಯ ಲೆಕ್ಕ ಹೀಗೆ: ತೇವಾಂಶ ಶೇಕಡಾ 14ರವರೆಗೆ ಇದ್ದರೆ ಕಡಿತ ಇಲ್ಲ. ಬೆಂಬಲ ಬೆಲೆ ಖರೀದಿಯಲ್ಲೂ ಮೆಕ್ಕೆಜೋಳಕ್ಕೆ 14ರ ಮಿತಿಯೇ ಇರುವುದು. ಅದಕ್ಕಿಂತ ಜಾಸ್ತಿ ಬಂದರೆ ಒಂದೊಂದು ಶೇಕಡಾಕ್ಕೂ ತೂಕದಲ್ಲಿ ಶೇಕಡಾ 1 ಮುರಿಯುತ್ತಾರೆ. 17 ಅಂದರೆ 3 ಜಾಸ್ತಿ. 2400ರಲ್ಲಿ ಶೇಕಡಾ 3 ಅಂದರೆ 72 ಕೆಜಿ. ಉಳಿದಿದ್ದು 2328. ಆ್ಯಪ್ ಹೇಳಿದ್ದು ಸರಿಯಾಗಿಯೇ ಇದೆ. ಪಟ್ಟಿಯಲ್ಲಿ ಇನ್ನೂ 69.84 ಕೆಜಿ ಕಡಿಮೆ. ಅವತ್ತಿನ ಧಾರಣೆ ಕ್ವಿಂಟಲ್‌ಗೆ 2,000 ರೂಪಾಯಿ. ಅಂದರೆ ಅಜ್ಜನಿಗೆ 1,396 ರೂಪಾಯಿ 80 ಪೈಸೆ ಲುಕ್ಸಾನು.

"ತಮ್ಮಾ, ಒಂದ್ ಸಲ ಮುರದಿದ್ದನ್ನ ಮತ್ತೆ ಮುರದೈತಿ ನೋಡು ನಿಮ್ಮ ಕಂಪ್ಯೂಟ್ರು" ಅಂದರು.

"ಇಲ್ಲಜ್ಜಾ, ಹಂಗಾಗಲ್ಲ, ನೋಡ್ತೀನಿ ಇರಿ" ಅಂದೆ ನಾನು.

ಹಂಗೇ ಆಗಿತ್ತು. ಅವರು ಕೂತಲ್ಲೇ ಹೇಳಿದ್ದನ್ನು ನಾವು ಒಪ್ಪಿಕೊಳ್ಳೋಕೆ ಎರಡು ದಿನ ಬೇಕಾಯಿತು.

ಮೊದಲ ದಿನ ದಂಡ

ನಮ್ಮ ಕಣ್ಣಿಗೆ ಮೊದಲು ಬಿದ್ದಿದ್ದು ಬೇರೊಂದು ಪಟ್ಟಿ. ಅದರಲ್ಲಿ ತೂಕ 1787.775 ಅಂತ ಪ್ರಿಂಟ್ ಆಗಿತ್ತು, ಪಾಯಿಂಟ್ ಆದಮೇಲೆ ಮೂರು ಅಂಕಿ. ನಮ್ಮ ಪ್ರೋಗ್ರಾಂನಲ್ಲಿ ಎರಡೇ ಅಂಕಿಗೆ ನಿಲ್ಲಬೇಕು. ಓಹೋ, ರೌಂಡಿಂಗ್ ಕೆಟ್ಟಿದೆ, ಇದೇ ಮೂಲ ಅಂದುಕೊಂಡೆವು.

ಅಲ್ಲಿ ತಪ್ಪು ಇದ್ದಿದ್ದೇನೋ ನಿಜ. ಸರ್ವರ್ ಕೋಡ್ ಜಾವಾ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿದೆ. ಲೆಕ್ಕಕ್ಕೆ ಬಿಗ್‌ಡೆಸಿಮಲ್ ಬಳಸಿದ್ದೇವೆ, ಅದು ದಶಮಾಂಶ ಸಂಖ್ಯೆ ಹಿಡಿದಿಡುವ ಜಾವಾದ ಸಿದ್ಧ ವಸ್ತು. ಅದರಲ್ಲಿ ದಶಮಾಂಶ ಸ್ಥಾನ ಇಷ್ಟೇ ಇರಲಿ ಅನ್ನೋಕೆ ಸೆಟ್‌ಸ್ಕೇಲ್ ಅಂತ ಒಂದು ಮೆಥಡ್ ಇದೆ. ಮೆಥಡ್ ಅಂದರೆ ಹೆಸರು ಹಿಡಿದು ಕರೆದರೆ ಒಂದು ಕೆಲಸ ಮಾಡಿಕೊಡುವ ಕೋಡಿನ ತುಂಡು. ನಮ್ಮ ಹುಡುಗ ಸುಮ್ನೆ ಹೀಗೆ ಬರೆದಿದ್ದ (ಓದೋಕೆ ಸಲೀಸಾಗಲಿ ಅಂತ ಇಲ್ಲಿ ಕೋಡನ್ನೂ ಕನ್ನಡದಲ್ಲೇ ಬರೆಯುತ್ತೇನೆ):

ತೂಕ.ಸೆಟ್‌ಸ್ಕೇಲ್(2, ಹಾಫ್‌ಅಪ್)

ಓದಿದರೆ ಏನನ್ನಿಸುತ್ತದೆ? ತೂಕಕ್ಕೆ ಎರಡು ದಶಮಾಂಶ ಸೆಟ್ ಆಯಿತು ಅಂತ ತಾನೇ. ಆಗುವುದಿಲ್ಲ. ಬಿಗ್‌ಡೆಸಿಮಲ್ ಒಂದು ಸಲ ಹುಟ್ಟಿದ ಮೇಲೆ ಬದಲಾಗದ ವಸ್ತು. ಸೆಟ್‌ಸ್ಕೇಲ್ ಹೊಸ ಬಿಗ್‌ಡೆಸಿಮಲ್ ಒಂದನ್ನು ಮಾಡಿ ಕೈಗೆ ಕೊಡುತ್ತದೆ, ಹಳೆಯದು ಇದ್ದ ಹಾಗೇ ಇರುತ್ತದೆ. ನಮ್ಮ ಹುಡುಗ ಕೊಟ್ಟಿದ್ದನ್ನು ತೆಗೆದುಕೊಂಡಿರಲಿಲ್ಲ. ತಮಾಷೆ ಏನಂದರೆ, ಸೆಟ್ ಅಂತ ಶುರುವಾಗುವ ಮೆಥಡ್‌ಗಳು ಸಾಮಾನ್ಯವಾಗಿ ವಸ್ತುವನ್ನೇ ಬದಲಾಯಿಸುತ್ತವೆ, ಆದರೆ ಇದು ಹಾಗಲ್ಲ ಅಂತ ಜಾವಾದ ದಾಖಲೆಯೇ ಆ ಮೆಥಡ್ ಕೆಳಗೆ ಬರೆದುಕೊಂಡಿದೆ. ಹೆಸರು ದಾರಿ ತಪ್ಪಿಸುತ್ತದೆ ಅಂತ ಅವರಿಗೂ ಗೊತ್ತು. ಆದರೆ ಲಕ್ಷಾಂತರ ಜನ ಬಳಸುವ ಹೆಸರನ್ನು ಈಗ ತೆಗೆಯೋಕಾಗಲ್ಲ.

ಅದನ್ನು ಸರಿ ಮಾಡಿದೆವು. ಖುಷಿಯಾಯಿತು. ಗುಂಡಿ ಸರ್ಕಲ್ ಕಡೆ ಹೋಗಿ ಬೆಣ್ಣೆ ದೋಸೆ ತಿಂದು ಬಂದೆವು. ಬಂದು ಅಜ್ಜನ ಲಾಟ್ ಮತ್ತೆ ಹಾಕಿ ನೋಡಿದರೆ, ಅದೇ 2258.16. ಹೋಗಿದ್ದು 70 ಕೆಜಿ, ನಾವು ಇಡೀ ದಿನ ಹುಡುಕಿದ್ದು ಗ್ರಾಂ.

ಮೂರು ಗುರುತು

ಎರಡನೇ ದಿನ ಹರಿಹರದಿಂದ ಬರುವ ನಮ್ಮ ಹುಡುಗಿ ಕೋಡ್ ಮುಟ್ಟಲಿಲ್ಲ. ಒಂಬತ್ತು ದಿನದ ಪಟ್ಟಿಗಳನ್ನೆಲ್ಲ ಟೇಬಲ್ ಮೇಲೆ ಹರಡಿಕೊಂಡು ಪೆನ್ಸಿಲ್ ಹಿಡಿದು ಕೂತಳು. ಮಧ್ಯಾಹ್ನದ ಹೊತ್ತಿಗೆ ಮೂರು ವಿಷಯ ಹೇಳಿದಳು.

"ಸರ್, ಆಫೀಸ್ ಕಂಪ್ಯೂಟರ್‌ನಲ್ಲಿ ಹಾಕಿದ ಲಾಟ್ ಒಂದೂ ತಪ್ಪಿಲ್ಲ. ಮೊಬೈಲಿಂದ ಬಂದಿದ್ದು ಮಾತ್ರ ತಪ್ಪು. ಅದರಲ್ಲೂ 14ಕ್ಕಿಂತ ಕೆಳಗಿದ್ದಿದ್ದು ಸರಿಯಾಗೇ ಇದೆ."

"ಮೂರನೇದು?"

"ಎರಡೇ ಸಲ ಮುರಿದಿದೆ ಸರ್. ಪಟ್ಟಿ ಎಷ್ಟು ಸಲ ತೆಗೆದು ನೋಡಿದ್ರೂ ಮೂರನೇ ಸಲ ಮುರಿಯಲ್ಲ."

ಮೂರನೆಯದೇ ನನಗೆ ತಲೆ ಕೆಡಿಸಿದ್ದು. ಓದಿದಾಗಲೆಲ್ಲ ಮುರಿಯುವ ಹಾಗಿದ್ದರೆ ಪ್ರತಿ ಸಲವೂ ಮುರಿಯಬೇಕಿತ್ತು. ಒಂದೇ ಸಲ ಹೆಚ್ಚುವರಿ ಮುರಿದು ನಿಂತುಬಿಡುವುದು ಹೇಗೆ?

ಲಾಟ್ ಕ್ಲಾಸ್ ತೆಗೆದೆ. ಒಂದು ಲಾಟಿನ ಬೆಲೆಗಳು, ಮೆಥಡ್‌ಗಳು ಎಲ್ಲ ಒಟ್ಟಿಗಿರುವ ಕೋಡಿನ ಭಾಗ ಅದು, ತೇವಾಂಶಕ್ಕೆ ಅದರಲ್ಲಿ ಮಾಯಿಶ್ಚರ್, ತೂಕಕ್ಕೆ ವೇಟ್ ಅಂತ ಹೆಸರು. ಎರಡು ವರ್ಷದ ಹಿಂದೆ ನಾನೇ ಬರೆದಿದ್ದು.

ಸೆಟ್‌ಮಾಯಿಶ್ಚರ್(ಶೇಕಡಾ)
ಮಾಯಿಶ್ಚರ್ = ಶೇಕಡಾ
ಶೇಕಡಾ 14 ದಾಟಿದ್ದರೆ
ವೇಟ್ = ವೇಟ್ − ವೇಟ್ × (ಶೇಕಡಾ − 14) ÷ 100

ನಾಲ್ಕೇ ಸಾಲು. ಅವತ್ತು ಸಾಹುಕಾರ್ರು, "ತೇವಾಂಶ ಹಾಕಿದ ಕೂಡ್ಲೆ ತೂಕ ತಾನೇ ಇಳೀಬೇಕು ನೋಡ್ರಿ" ಅಂದಿದ್ದರು. ನಾನು ಅಕ್ಷರಶಃ ಅದನ್ನೇ ಮಾಡಿದ್ದೆ. ಹಾಕಿದ ಕೂಡಲೇ ಇಳಿಯುತ್ತದೆ. ಎರಡು ಸಲ ಹಾಕಿದರೆ ಎರಡು ಸಲ ಇಳಿಯುತ್ತದೆ.

ಇದು ಗುಮಾಸ್ತರಿಗೆ ಮೊದಲೇ ಗೊತ್ತಿತ್ತು! ಕೇಳಿದಾಗ ತಣ್ಣಗೆ ಹೇಳಿದರು, "ಹೌದ್ರೀ ಸಾರ್, ತೇವಾಂಶ ತಪ್ಪು ಹೊಡೆದ್ರೆ ತಿದ್ದಾಕೆ ಬರಂಗಿಲ್ಲ, ತೂಕ ಕೆಡ್ತೈತಿ. ಅದಕ್ಕೇ ಲಾಟ್ ಅಳಿಸಿ ಮೊದ್ಲಿಂದ ಹೊಡೀತೀನಿ." ಎರಡು ವರ್ಷ ಹಾಗೇ ಮಾಡಿದ್ದಾರೆ. ಹೇಳಬಾರದಿತ್ತಾ ಅಂದೆ. "ಸಾಫ್ಟ್‌ವೇರ್ ಅಂದ್ರೆ ಹಂಗೇ ಇರ್ತೈತಿ ಅಂದ್ಕೊಂಡಿದ್ದೆ" ಅಂದರು.

ಕರೆದವರು ಯಾರು?

ಆದರೆ ಮೊಬೈಲ್ ಲಾಟ್‌ಗೆ ಸೆಟ್‌ಮಾಯಿಶ್ಚರ್ ಅನ್ನು ಯಾರೂ ಕರೆದಿರಲಿಲ್ಲ. ಇಡೀ ಸರ್ವರ್ ಕೋಡಿನಲ್ಲಿ ಹುಡುಕಿದೆವು. ಆ್ಯಪ್ ತನ್ನದೇ ಸಣ್ಣ ಕ್ಲಾಸಿನಲ್ಲಿ ಲೆಕ್ಕ ಮಾಡಿ, ತೂಕ 2328, ತೇವಾಂಶ 17 ಅಂತ ಜೇಸನ್ ರೂಪದಲ್ಲಿ, ಅಂದರೆ ಹೆಸರು ಮತ್ತು ಅದರ ಬೆಲೆಯನ್ನು ಜೋಡಿ ಜೋಡಿಯಾಗಿ ಬರೆದು ಕಳಿಸುತ್ತದೆ. ಸರ್ವರ್ ಅದನ್ನು ಓದಿ ಲಾಟ್ ಮಾಡಿಕೊಳ್ಳುತ್ತದೆ. ನಾವು ಬರೆದ ಕೋಡ್ ಇಷ್ಟೇ. ಉಳಿದ ಕೆಲಸ ಜಾಕ್ಸನ್ ಅನ್ನುವ ಲೈಬ್ರರಿಯದು, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನದು.

ಜಾಕ್ಸನ್ ಜೇಸನ್ ಓದುವುದು ಹೇಗೆ ಗೊತ್ತಾ? ಜೇಸನ್‌ನಲ್ಲಿ ಮಾಯಿಶ್ಚರ್ ಅಂತ ಒಂದು ಹೆಸರು ಸಿಕ್ಕರೆ, ಕ್ಲಾಸಿನಲ್ಲಿ ಸೆಟ್‌ಮಾಯಿಶ್ಚರ್ ಅಂತ ಮೆಥಡ್ ಇದೆಯಾ ನೋಡುತ್ತದೆ. ಇದ್ದರೆ ಅದನ್ನು ಕರೆಯುತ್ತದೆ. ಒಳಗೆ ಏನಿದೆ ಅಂತ ಅದಕ್ಕೆ ಬೇಕಾಗಿಲ್ಲ. ಹೆಸರು ಸೆಟ್ ಅಂತ ಶುರುವಾದರೆ ಅದು ಬೆಲೆ ಇಡುವ ಮೆಥಡ್ ಅಂತ ನಂಬಿಕೆ. ಇಂಥ ಮೆಥಡ್‌ಗೇ ಸೆಟ್ಟರ್ ಅನ್ನುವುದು.

ಈ ನಂಬಿಕೆ ಹಳೆಯದು. 1997ರ ಆಗಸ್ಟ್‌ನಲ್ಲಿ, ಜಾವಾ ಮಾಡಿದ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ ಜಾವಾಬೀನ್ಸ್ 1.01 ನಿಯಮಾವಳಿ ಹೊರತಂದಿತು. ಅದೇ ತಿಂಗಳು ನಮ್ಮ ದಾವಣಗೆರೆ ಚಿತ್ರದುರ್ಗದಿಂದ ಬೇರೆಯಾಗಿ ಜಿಲ್ಲೆಯಾಗಿದ್ದು, ಹಾಗಾಗಿ ನನಗೆ ವರ್ಷ ಮರೆಯುವುದಿಲ್ಲ. ಪರದೆ ಮೇಲೆ ಬಟನ್, ಪೆಟ್ಟಿಗೆ ಎಳೆದು ಇಟ್ಟು ಪ್ರೋಗ್ರಾಂ ಕಟ್ಟುವ ಸಾಧನಗಳಿಗೆ, ಒಂದು ಕ್ಲಾಸಿನಲ್ಲಿ ಯಾವ ಯಾವ ಗುಣಗಳಿವೆ ಅಂತ ತಾವೇ ಕಂಡುಕೊಳ್ಳುವ ದಾರಿ ಬೇಕಿತ್ತು. ಅದಕ್ಕೆ ಹೆಸರನ್ನೇ ಗುರುತು ಮಾಡಿದರು. ಓದೋಕೆ ಗೆಟ್, ಬರೆಯೋಕೆ ಸೆಟ್, ಹೌದು ಇಲ್ಲ ಅನ್ನುವುದಕ್ಕೆ ಈಸ್. ಆ ಎಳೆದು ಇಡುವ ಸಾಧನಗಳು ಹಿಂದೆ ಸರಿದವು. ಹೆಸರಿನ ಪದ್ಧತಿ ಮಾತ್ರ ಉಳಿಯಿತು. ಜಾಕ್ಸನ್‌ನಂಥ ಲೈಬ್ರರಿಗಳು ಇವತ್ತಿಗೂ ಅದರ ಮೇಲೇ ನಿಂತಿವೆ.

ಅಂದರೆ ನಾನು ಆ ನಾಲ್ಕು ಸಾಲಿಗೆ ಸೆಟ್‌ಮಾಯಿಶ್ಚರ್ ಅಂತ ಹೆಸರಿಟ್ಟ ಕ್ಷಣವೇ, ಲೈಬ್ರರಿಗೆ "ನಿನಗೆ ಬೇಕಾದಾಗ ಇದನ್ನು ಕರಿ, ಏನೂ ಆಗಲ್ಲ" ಅಂತ ಮಾತು ಕೊಟ್ಟ ಹಾಗಾಯಿತು. ಅದೇ ಮೆಥಡ್‌ಗೆ ಬೇರೆ ಯಾವ ಹೆಸರಿಟ್ಟಿದ್ದರೂ, ಶುರುವಿನಲ್ಲಿ ಸೆಟ್ ಅನ್ನುವ ಇಂಗ್ಲಿಷಿನ ಮೂರಕ್ಷರ ಇಲ್ಲದಿದ್ದರೆ ಸಾಕಿತ್ತು, ಜಾಕ್ಸನ್ ಅದರ ತಂಟೆಗೇ ಬರುತ್ತಿರಲಿಲ್ಲ.

ಹಾಗಾದರೆ ಆ್ಯಪ್ ಬರುವ ಮೊದಲು, ಎರಡು ವರ್ಷ ಯಾಕೆ ತಪ್ಪಾಗಲಿಲ್ಲ? ಇಲ್ಲಿದೆ ಮಜಾ. ಜಾಕ್ಸನ್ ಜೇಸನ್‌ನಲ್ಲಿ ಇರುವ ಕ್ರಮದಲ್ಲೇ ಸೆಟ್ಟರ್‌ಗಳನ್ನು ಕರೆಯುತ್ತದೆ. ನಮ್ಮ ಸರ್ವರ್ ಲಾಟ್‌ಗಳನ್ನು ಉಳಿಸಿಡುವುದೂ ಜೇಸನ್ ರೂಪದಲ್ಲೇ. ಬರೆಯುವಾಗ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಿ ಬರೆಯಲಿ ಅಂತ ನಾನು ಯಾವಾಗಲೋ ಹೇಳಿಟ್ಟಿದ್ದೆ, ನೋಡೋಕೆ ಚೆನ್ನಾಗಿರುತ್ತದೆ ಅಂತ. ಇಂಗ್ಲಿಷ್ ಅಕ್ಷರಮಾಲೆಯಲ್ಲಿ ಮಾಯಿಶ್ಚರ್ ಮೊದಲು, ವೇಟ್ ಆಮೇಲೆ. ಕನ್ನಡದಲ್ಲೂ ಮ ಆದಮೇಲೇ ವ. ಓದುವಾಗ ಮೊದಲು ಮಾಯಿಶ್ಚರ್ 17. ಆಗ ತೂಕ ಇನ್ನೂ ಸೊನ್ನೆ, ಸೊನ್ನೆಯಲ್ಲಿ ಶೇಕಡಾ 3 ಮುರಿದರೂ ಸೊನ್ನೆ. ಆಮೇಲೆ ವೇಟ್ 2328 ಬಂದು ಕೂರುತ್ತದೆ. ಲೆಕ್ಕ ಸರಿ.

ಆ್ಯಪ್ ಬರೆದ ಹುಡುಗ ತನ್ನ ಕ್ಲಾಸಿನಲ್ಲಿ ತೂಕವನ್ನು ಮೊದಲು ಇಟ್ಟಿದ್ದ. ಪರದೆಯಲ್ಲಿ ತೂಕದ ಪೆಟ್ಟಿಗೆಯೇ ದೊಡ್ಡದು, ಅದಕ್ಕೆ. ಆ್ಯಪ್ ಕಳಿಸಿದ ಜೇಸನ್‌ನಲ್ಲಿ ವೇಟ್ ಮೊದಲು, ಮಾಯಿಶ್ಚರ್ ಆಮೇಲೆ. ಸರ್ವರ್ ಮೊದಲ ಸಲ ಓದಿದಾಗ 2328 ಕೂತಿತು, ಆಮೇಲೆ ಅದರಲ್ಲಿ ಶೇಕಡಾ 3 ಹೋಯಿತು. ಹಾಗೇ ಉಳಿಸಿತು. ಉಳಿಸುವಾಗ ಸರ್ವರ್ ತನ್ನ ಅಕಾರಾದಿಯಲ್ಲಿ ಬರೆಯಿತಲ್ಲ, ಅಲ್ಲಿಂದ ಮುಂದೆ ಎಷ್ಟು ಸಲ ಓದಿದರೂ ಸರಿ. ಅದಕ್ಕೇ ಎರಡೇ ಸಲ ಮುರಿದು ನಿಂತಿದ್ದು.

ಆ್ಯಪ್ ಹುಡುಗ ಪಾಪ ಎರಡು ದಿನದಿಂದ ಮುಖ ಸಪ್ಪೆ ಮಾಡಿಕೊಂಡಿದ್ದ. ಅವನದೇನೂ ತಪ್ಪಿರಲಿಲ್ಲ. ಜೇಸನ್‌ನಲ್ಲಿ ಯಾವುದು ಮೊದಲು ಬಂದರೂ ನಡೆಯಬೇಕು.

ಜಗಳ

ಅವತ್ತು ಸಂಜೆ ಮಿರ್ಚಿ ತಣ್ಣಗಾಗುವವರೆಗೂ ವಾದ ನಡೆಯಿತು.

ಹುಡುಗನ ಮಾತು ಹೀಗಿತ್ತು: "ಅಣ್ಣ, ಸೆಟ್ಟರ್ ಒಳಗೆ ಏನೂ ಮಾಡಬಾರದು ಅಂದ್ರೆ ಸೆಟ್ಟರ್ ಯಾಕೆ? ಫೀಲ್ಡನ್ನೇ ಪಬ್ಲಿಕ್ ಮಾಡಿ ಬಿಡಬಹುದಲ್ಲ."

ಫೀಲ್ಡ್ ಅಂದರೆ ಬೆಲೆ ಕೂರುವ ಜಾಗ, ಅದನ್ನು ಪಬ್ಲಿಕ್ ಮಾಡಿದರೆ ಯಾರು ಬೇಕಾದರೂ ನೇರವಾಗಿ ಬರೆಯಬಹುದು. ಮಾತು ಸುಳ್ಳಲ್ಲ. ತೇವಾಂಶ 170 ಅಂತ ಯಾರಾದರೂ ಹೊಡೆದರೆ ಸೆಟ್ಟರ್ ಬೇಡ ಅನ್ನಬೇಕು, ಅದಕ್ಕೇ ಅದು ಇರುವುದು. ತನ್ನ ಬೆಲೆಯನ್ನು ತಾನು ಪರೀಕ್ಷೆ ಮಾಡಿಕೊಳ್ಳಲಿ, ಸರಿಯಿಲ್ಲದಿದ್ದರೆ ತಿರಸ್ಕರಿಸಲಿ. ನಮ್ಮದು ಹಾಗೆ ಮಾಡಲಿಲ್ಲ. ತೇವಾಂಶದ ಹೆಸರು ಹೇಳಿ ತೂಕಕ್ಕೆ ಕೈ ಹಾಕಿತು. ಅದೂ ಇದ್ದಿದ್ದರಿಂದ ಕಳೆಯಿತು, ಹಾಗಾಗಿ ಪ್ರತಿ ಸಲ ಉತ್ತರ ಬೇರೆ.

ಹುಡುಗಿ ಕಾಲೇಜಿನಲ್ಲಿ ಸಿ ಶಾರ್ಪ್ ಅನ್ನುವ ಇನ್ನೊಂದು ಭಾಷೆ ಕಲಿತವಳು. ಅವಳ ಸಲಹೆ, ಮೆಥಡ್ ಬಿಟ್ಟು ಪ್ರಾಪರ್ಟಿ ಮಾಡೋಣ ಅಂತ. ಸಿ ಶಾರ್ಪ್‌ನಲ್ಲಿ ಗೆಟ್, ಸೆಟ್ ಅಂತ ಮೆಥಡ್ ಹೆಸರಿಗೆ ಅಂಟಿಸುವುದಿಲ್ಲ. ಗುಣದ ಹೆಸರು ಮಾತ್ರ, ಒಳಗೆ ಎರಡು ಭಾಗ. ಕೋಡನ್ನು ಯಂತ್ರಕ್ಕೆ ಒಗ್ಗಿಸಿಕೊಡುವ ಕಂಪೈಲರ್ ಅದನ್ನು ಒಳಗೊಳಗೇ ಗೆಟ್, ಸೆಟ್ ಮೆಥಡ್‌ಗಳಾಗಿ ಮಾಡಿಕೊಳ್ಳುತ್ತದೆ. ಬರೆಯುವವರಿಗೆ ಕಾಣುವುದು ಇಷ್ಟೇ:

ಲಾಟ್.ಮಾಯಿಶ್ಚರ್ = 17

ಚೆನ್ನಾಗಿ ಕಾಣುತ್ತದೆ, ನಿಜ. ಆದರೆ ನಮ್ಮ ನಾಲ್ಕು ಸಾಲನ್ನು ಇದರ ಹಿಂದೆ ಇಟ್ಟರೆ ಇನ್ನೂ ಕೆಡುತ್ತದೆ ಅಂದೆ. ಸೆಟ್‌ಮಾಯಿಶ್ಚರ್ ಅಂತಿದ್ದಾಗ ಆವರಣ ಚಿಹ್ನೆಯಾದರೂ ಕಾಣುತ್ತದೆ, ಒಳಗೆ ಏನೋ ನಡೆಯಬಹುದು ಅನ್ನುವ ಸಣ್ಣ ಅನುಮಾನ ಬರುತ್ತದೆ. ಸಮ ಚಿಹ್ನೆ ನೋಡಿದವರಿಗೆ ಯಾವ ಅನುಮಾನವೂ ಬರುವುದಿಲ್ಲ.

ಇದನ್ನು ತೋರಿಸೋಕೆ ಬೇರೆ ಎಲ್ಲೂ ಹೋಗಬೇಕಿರಲಿಲ್ಲ. ಆ್ಯಪ್ ಕಾಟ್ಲಿನ್ ಅನ್ನುವ ಭಾಷೆಯಲ್ಲಿದೆ. ಜಾವಾ ಕ್ಲಾಸಿನಲ್ಲಿ ಗೆಟ್, ಸೆಟ್ ಜೋಡಿ ಇದ್ದರೆ ಕಾಟ್ಲಿನ್ ಅದನ್ನು ತಾನೇ ಪ್ರಾಪರ್ಟಿ ಥರ ತೋರಿಸುತ್ತದೆ. ನಮ್ಮ ಹಳೇ ಲಾಟ್ ಕ್ಲಾಸನ್ನು ಹುಡುಗನ ಲ್ಯಾಪ್‌ಟಾಪಿನಲ್ಲಿ ಹಾಕಿ, ವೇಟ್‌ಗೆ 2400 ಕೊಟ್ಟು, ಕೆಳಗೆ ಲಾಟ್.ಮಾಯಿಶ್ಚರ್ = 17 ಅನ್ನುವ ಸಾಲನ್ನು ಎರಡು ಸಲ ಬರೆಸಿದೆ. ತೂಕ ಪ್ರಿಂಟ್ ಮಾಡು ಅಂದೆ. 2258.16 ಬಂತು. ಅವನು ಒಂದು ನಿಮಿಷ ಸುಮ್ಮನಿದ್ದು, "ಇದು ಅನ್ಯಾಯ ಅಣ್ಣ" ಅಂದ.

ಮೈಕ್ರೋಸಾಫ್ಟ್‌ನವರು ಸಿ ಶಾರ್ಪ್ ಓಡುವ ಡಾಟ್‌ನೆಟ್‌ಗೆ ಬರೆದ ವಿನ್ಯಾಸ ಮಾರ್ಗಸೂಚಿಯಲ್ಲಿ ಇದಕ್ಕೆ ನೇರವಾದ ಮಾತಿದೆ. ಪ್ರಾಪರ್ಟಿಗಳನ್ನು ಯಾವ ಕ್ರಮದಲ್ಲಿ ಸೆಟ್ ಮಾಡಿದರೂ ನಡೆಯಬೇಕು, ನಡುವೆ ಸ್ವಲ್ಪ ಹೊತ್ತು ವಸ್ತು ಅರೆಬರೆ ಸ್ಥಿತಿಯಲ್ಲಿದ್ದರೂ ಪರವಾಗಿಲ್ಲ ಅಂತ. ನಮ್ಮ ಲಾಟ್ ಸೋತಿದ್ದು ಇಲ್ಲೇ. ಪೈಥಾನ್ ಭಾಷೆಯವರ ಶೈಲಿ ಕೈಪಿಡಿ ಪೆಪ್ 8 ಕೂಡ, ಭಾರೀ ಲೆಕ್ಕಾಚಾರಕ್ಕೆ ಪ್ರಾಪರ್ಟಿ ಬಳಸಬೇಡಿ, ನೋಡಿದವರು ಇದು ಅಗ್ಗದ ಕೆಲಸ ಅಂದುಕೊಳ್ಳುತ್ತಾರೆ ಅನ್ನುತ್ತದೆ. ಎರಡು ಕಡೆಯವರಿಗೂ ಚಿಂತೆ ಓದುವವರದ್ದೇ: ಸಾಲು ನೋಡಿ ಅವರು ಏನು ಅಂದುಕೊಳ್ಳುತ್ತಾರೆ?

ಹೆಸರು ನೋಡಿ ಮೋಸ ಹೋಗುವುದು ಹೊಸದೇನಲ್ಲ. ಜಾವಾದ ಹಳೇ ಡೇಟ್ ಕ್ಲಾಸಿನಲ್ಲಿ ಗೆಟ್‌ಡೇ ಅಂದರೆ ವಾರದ ದಿನ, ಗೆಟ್‌ಡೇಟ್ ಅಂದರೆ ತಿಂಗಳ ತಾರೀಖು. ಸೆಟ್‌ಮಂತ್‌ಗೆ 1 ಕೊಟ್ಟರೆ ಫೆಬ್ರವರಿ. ಸೆಟ್‌ಇಯರ್‌ಗೆ ವರ್ಷದಲ್ಲಿ 1900 ಕಳೆದು ಕೊಡಬೇಕು. 2014ರ ಜಾವಾ 8ರಲ್ಲಿ ಬಂದ ಹೊಸ ದಿನಾಂಕದ ಕ್ಲಾಸುಗಳಲ್ಲಿ ಸೆಟ್ ಅನ್ನುವುದನ್ನೇ ಬಿಟ್ಟು ವಿತ್ ಅಂತ ಇಟ್ಟರು: ವಿತ್‌ಡೇಆಫ್‌ಮಂತ್. ಹಳೆಯದು ಹಾಗೇ ಇರುತ್ತದೆ, ಈ ತಾರೀಖಿನ ಹೊಸದೊಂದು ಬರುತ್ತದೆ ಅಂತ ಅದರ ಅರ್ಥ. ಸೆಟ್‌ಸ್ಕೇಲ್‌ಗೂ ವಿತ್‌ಸ್ಕೇಲ್ ಅಂತ ಹೆಸರಿದ್ದಿದ್ದರೆ ನಮ್ಮ ಮೊದಲ ದಿನ ಉಳಿಯುತ್ತಿತ್ತೋ ಏನೋ.

ಹೆಸರು ಇದ್ದಿದ್ದು ಮಂಡಿಯಲ್ಲೇ

ಹೊಸ ಹೆಸರು ಏನಿಡಬೇಕು? ನಾವು ಮೂರೂ ಜನ ಇಂಗ್ಲಿಷ್ ಪದ ಹುಡುಕುತ್ತಾ ಕೂತಿದ್ದೆವು. ಅಪ್ಲೈಮಾಯಿಶ್ಚರ್, ಅಪ್‌ಡೇಟ್‌ಮಾಯಿಶ್ಚರ್, ಪ್ರೊಸೆಸ್‌ಮಾಯಿಶ್ಚರ್. ಪ್ರೊಸೆಸ್ ಅಂದರೆ ಏನು ಬೇಕಾದರೂ ಆಗಬಹುದು, ನನಗೆ ಆ ಪದ ಕಂಡರೆ ಆಗಲ್ಲ.

ಮರುದಿನ ಗುಮಾಸ್ತರ ಪಕ್ಕ ಒಂದು ಗಂಟೆ ಕೂತೆ. ಸಾಫ್ಟ್‌ವೇರ್ ಬರುವ ಮೊದಲು ಏನು ಮಾಡುತ್ತಿದ್ದಿರಿ ಅಂತ ಕೇಳಿದೆ. ಅವರು ಹಳೇ ಪುಸ್ತಕ ತೆಗೆದು ತೋರಿಸಿದರು. ಒಂದು ಲಾಟ್‌ಗೆ ಒಂದು ಸಾಲು. ಮನೆಗಳು ಹೀಗೆ: ಚೀಲ, ಒಟ್ಟು ತೂಕ, ತೇವಾಂಶ, ಕಡಿತ, ನಿವ್ವಳ. "ತೇವಾಂಶ ಬರ್ಕೊಳ್ಳೋದು ಬ್ಯಾರೆ, ಕಡಿತ ಹಾಕೋದು ಬ್ಯಾರೆ ಸಾರ್. ಮೀಟರ್ ನೋಡಿ ಬರ್ಕೊಂತೀವಿ. ಕಡಿತ ಪಟ್ಟಿ ಮಾಡುವಾಗ."

ಐದು ಮನೆ, ಐದು ಹೆಸರು. ಚೀಲ ಬಿಟ್ಟು ಉಳಿದ ನಾಲ್ಕನ್ನು ನಾನು ವೇಟ್, ಮಾಯಿಶ್ಚರ್ ಅಂತ ಎರಡಕ್ಕೆ ಇಳಿಸಿದ್ದೆ. ಒಂದೇ ವೇಟ್ ಬೆಳಿಗ್ಗೆ ಒಟ್ಟು ತೂಕ, ಮಧ್ಯಾಹ್ನ ನಿವ್ವಳ ತೂಕ. ಸೆಟ್‌ವೇಟ್ ಅಂದರೆ ಯಾವ ತೂಕ ಅಂತ ಹೆಸರು ನೋಡಿ ಯಾರೂ ಹೇಳೋಕಾಗುತ್ತಿರಲಿಲ್ಲ. ಸೆಟ್‌ಮಾಯಿಶ್ಚರ್‌ಗಿಂತ ಇದೇ ದೊಡ್ಡ ತಪ್ಪು ಅಂತ ಈಗ ಅನ್ನಿಸುತ್ತದೆ. ತೂಕಕ್ಕೆ ಎರಡು ಹೆಸರು ಕೊಟ್ಟಿದ್ದರೆ ಕಳೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಹೊಸ ಲಾಟ್ ಆ ಪುಸ್ತಕದ ನಕಲು. ಒಟ್ಟು ತೂಕ ಒಂದು ಸಲ ಕಾಟಾದಿಂದ ಬರುತ್ತದೆ, ಆಮೇಲೆ ಅದನ್ನು ಯಾರೂ ಮುಟ್ಟುವುದಿಲ್ಲ. ತೇವಾಂಶ ಬರೆದುಕೊಳ್ಳೋಕೆ ರೆಕಾರ್ಡ್‌ಮಾಯಿಶ್ಚರ್. ಎಷ್ಟು ಸಲ ತಿದ್ದಿದರೂ ಕೊನೆಯದು ಉಳಿಯುತ್ತದೆ, ತೂಕ ಅಲ್ಲಾಡುವುದಿಲ್ಲ. ಕಡಿತ, ನಿವ್ವಳ ಎರಡನ್ನೂ ಎಲ್ಲೂ ಇಟ್ಟುಕೊಳ್ಳುವುದಿಲ್ಲ, ಕೇಳಿದಾಗ ಲೆಕ್ಕ ಮಾಡಿ ಹೇಳುತ್ತದೆ. ಸಾಹುಕಾರ್ರು ಹೇಳಿದ ಹಾಗೆ ತೇವಾಂಶ ಹಾಕಿದ ಕೂಡಲೇ ತೂಕ ಇಳಿಯುತ್ತದೆ, ಪರದೆ ಮೇಲೆ. ಜೇಸನ್ ಓದುವ ಕೆಲಸಕ್ಕೆ ಸೆಟ್ಟರ್ ಬೇಡವೇ ಬೇಡ ಅಂತ, ವಸ್ತು ಹುಟ್ಟುವಾಗಲೇ ನಡೆಯುವ ಕನ್‌ಸ್ಟ್ರಕ್ಟರ್ ಮೂಲಕ ಎಲ್ಲ ಬೆಲೆಗಳನ್ನೂ ಒಟ್ಟಿಗೆ ತೆಗೆದುಕೊಳ್ಳುವ ಹಾಗೆ ಜಾಕ್ಸನ್‌ಗೆ ಗುರುತು ಹಾಕಿದೆವು. ಕ್ರಮದ ಮಾತೇ ಇಲ್ಲ.

ಇಷ್ಟಾದರೂ ಮೊದಲ ದಿನವೇ ಮುಗ್ಗರಿಸಿದೆವು. ನಿವ್ವಳ ತೂಕಕ್ಕೆ ಅಭ್ಯಾಸಬಲದಿಂದ ಗೆಟ್‌ನೆಟ್‌ವೇಟ್ ಅಂತ ಹೆಸರಿಟ್ಟಿದ್ದೆ. ಗೆಟ್ ಕಂಡಿದ್ದೇ ತಡ, ಜಾಕ್ಸನ್ ಇದೂ ಒಂದು ಗುಣ ಅಂದುಕೊಂಡು ಜೇಸನ್‌ಗೆ ನೆಟ್‌ವೇಟ್ ಅಂತ ಸೇರಿಸಿ ಬರೆಯಿತು. ವಾಪಸ್ ಓದುವಾಗ ಕನ್‌ಸ್ಟ್ರಕ್ಟರ್‌ನಲ್ಲಿ ನೆಟ್‌ವೇಟ್ ಇಲ್ಲ, ಈ ಹೆಸರು ನನಗೆ ಗೊತ್ತಿಲ್ಲ ಅಂತ ಎರರ್ ಹಾಕಿ ನಿಂತಿತು. ನಾವು ಬಳಸುತ್ತಿದ್ದ ಆವೃತ್ತಿಯಲ್ಲಿ ಗೊತ್ತಿಲ್ಲದ ಹೆಸರು ಬಂದರೆ ನಿಲ್ಲುವುದೇ ಅದರ ರೂಢಿ. ಬೆಳಿಗ್ಗೆ ಹತ್ತು ಗಂಟೆ, ಯಾರ್ಡಿನಲ್ಲಿ ಲಾರಿ ಸಾಲು, ಒಂದು ಪಟ್ಟಿಯೂ ತೆರೆಯುತ್ತಿಲ್ಲ. ಹೆಸರಿನಿಂದ ಗೆಟ್ ಕಿತ್ತು ಬರೀ ನೆಟ್‌ವೇಟ್ ಅಂತ ಮಾಡಿ, ಅಷ್ಟೊತ್ತಿಗೆ ಬರೆದಾಗಿದ್ದ ಜೇಸನ್‌ಗಳಿಂದಲೂ ಆ ಸಾಲು ತೆಗೆದ ಮೇಲೆ ಸರಿಹೋಯಿತು. ಗೆಟ್ ಇಲ್ಲದ ಹೆಸರು ಈಗ ಜಾವಾದವರಿಗೂ ಒಗ್ಗಿದೆ. 2021ರಲ್ಲಿ ಜಾವಾ 16ರ ಜೊತೆ ಪೂರ್ತಿಯಾಗಿ ಬಂದ, ಬರೀ ಬೆಲೆಗಳನ್ನು ಹಿಡಿದಿಡುವ ರೆಕಾರ್ಡ್ ಅನ್ನುವ ಕ್ಲಾಸುಗಳಲ್ಲಿ ಗೆಟ್ ಅಂಟಿಸುವ ಪದ್ಧತಿಯೇ ಇಲ್ಲ.

ಅದೇ ಬೀಸಿನಲ್ಲಿ ಇನ್ನೊಂದನ್ನೂ ತೆಗೆದೆವು. ಸೆಟ್‌ಪೇಯ್ಡ್ ಅಂತ ಒಂದಿತ್ತು. ಟ್ರೂ ಕೊಟ್ಟರೆ ರೈತರಿಗೆ ಹಣ ಕೊಟ್ಟಾಯಿತು ಅಂತ. ಫಾಲ್ಸ್ ಕೊಟ್ಟರೆ? ಕೊಟ್ಟ ಹಣ ವಾಪಸ್ ಬಂತಾ, ತಪ್ಪಾಗಿ ಒತ್ತಿದ್ದಾ, ಚೆಕ್ ಪಾಸಾಗಲಿಲ್ವಾ? ಮಂಡಿಯಲ್ಲಿ ಇದಕ್ಕೆ ಚುಕ್ತಾ ಅನ್ನುತ್ತಾರೆ. ಚುಕ್ತಾ ಅಂದರೆ ಯಾವ ದಿನ, ಎಷ್ಟು, ನಗದೋ ಚೆಕ್ಕೋ ಎಲ್ಲ ಸೇರಿಯೇ. ಹಾಗಾಗಿ ಮೆಥಡ್ ಹೆಸರನ್ನೇ ಚುಕ್ತಾ ಅಂತ ಇಟ್ಟೆವು, ಮೂರನ್ನೂ ಕೊಡದೆ ಕರೆಯೋಕೆ ಬರುವುದಿಲ್ಲ. ರದ್ದು ಮಾಡೋಕೆ ಬೇರೆ ಮೆಥಡ್, ಅದಕ್ಕೆ ಕಾರಣ ಬರೆಯಲೇಬೇಕು. ಇಂಗ್ಲಿಷ್ ಹೆಸರುಗಳ ನಡುವೆ ಒಂದು ಚುಕ್ತಾ ನೋಡಿ ಹುಡುಗಿ ನಕ್ಕಳು. ಆದರೆ ಅದು ಏನು ಮಾಡುತ್ತದೆ ಅಂತ ಇವತ್ತಿನವರೆಗೂ ಯಾರೂ ಕೇಳಿಲ್ಲ.

ಎಲ್ಲ ಸೆಟ್ಟರ್ ಕಿತ್ತುಹಾಕಲಿಲ್ಲ. ಸೆಟ್‌ರಿಮಾರ್ಕ್ಸ್ ಹಾಗೇ ಇದೆ, ಸೆಟ್‌ಫೋನ್ ಇದೆ. ಅವು ಹೆಸರಿನಲ್ಲಿ ಹೇಳಿದ್ದನ್ನೇ ಮಾಡುತ್ತವೆ. ಅದನ್ನೂ ಬದಲಿಸೋಣ ಅಂತ ಹುಡುಗ ಹುರುಪಿನಲ್ಲಿದ್ದ, ಬೇಡ ಅಂದೆ.

ದುಡ್ಡು

ತಪ್ಪಾಗಿದ್ದು ಒಟ್ಟು 23 ಲಾಟ್. 11 ಕ್ವಿಂಟಲ್ 40 ಕೆಜಿ, ಆ ವಾರದ ಧಾರಣೆಯಲ್ಲಿ ಹತ್ತಿರ ಹತ್ತಿರ 23,000 ರೂಪಾಯಿ. ಸಾಹುಕಾರ್ರು ಎಲ್ಲರಿಗೂ ಫೋನ್ ಮಾಡಿಸಿ ಕೊಟ್ಟರು. ಆಮೇಲೆ ನಮ್ಮ ಬಿಲ್ಲಿನಲ್ಲಿ ಅಷ್ಟನ್ನೂ ಮುರಿದುಕೊಂಡರು. ಒಂದೇ ಸಲ ಮುರಿದರು, ಅದಕ್ಕೆ ಥ್ಯಾಂಕ್ಸ್ ಹೇಳಿದೆ.

ಹಳೇ ಲಾಟ್‌ಗಳದ್ದು ಬೇರೆ ತಲೆನೋವು. ಎರಡು ವರ್ಷದ ಲಾಟ್‌ಗಳಲ್ಲಿ ಒಟ್ಟು ತೂಕವೇ ಉಳಿದಿರಲಿಲ್ಲ, ಸೆಟ್ಟರ್ ಅದರ ಮೇಲೇ ಬರೆದುಬಿಟ್ಟಿತ್ತು. ತೇವಾಂಶ 17, ನಿವ್ವಳ 2328 ಇದ್ದರೆ 0.97ರಿಂದ ಭಾಗಿಸಿ 2400 ಅಂತ ಹಿಂದಕ್ಕೆ ಲೆಕ್ಕ ಹಾಕಿದೆವು. ಗುಮಾಸ್ತರು ಕಾಟಾ ಚೀಟಿಗಳನ್ನು ತಂತಿಗೆ ಪೋಣಿಸಿ ಗೋಡೆಗೆ ನೇತುಹಾಕಿದ್ದರು. ಅದರಲ್ಲಿ ಕೈಗೆ ಸಿಕ್ಕ ನಲವತ್ತನ್ನು ತಾಳೆ ನೋಡಿದೆವು, ಎಲ್ಲವೂ ಕೂಡಿಬಂದವು.

ಡಿಸೆಂಬರ್‌ನಲ್ಲಿ ಆ ಅಜ್ಜ ಇನ್ನೊಂದು ಲಾಟ್ ತಂದಿದ್ದರು. ನಾನು ಅಲ್ಲೇ ಇದ್ದೆ. ಹೊಸ ಪಟ್ಟಿ ಕೊಟ್ಟೆ. ಅದರಲ್ಲಿ ಒಟ್ಟು ತೂಕ, ತೇವಾಂಶ, ಕಡಿತ, ನಿವ್ವಳ ನಾಲ್ಕೂ ಬೇರೆ ಬೇರೆ ಸಾಲಿನಲ್ಲಿ. ಕನ್ನಡಕ ಹಾಕಿಕೊಂಡು ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿದರು.

"ಈಗ ಸರಿ ಐತಿ" ಅಂದರು. ಮತ್ತೊಂದು ಸಲ ಮೇಲಿಂದ ಓದಿದರು. "ಅಲ್ಲ ತಮ್ಮಾ, ಇದ್ರಾಗ ಹಮಾಲಿ ಎಲ್ಲಿ ಹಿಡದೀ?"

ರಾತ್ರಿ ಹೋಗಿ ಫೈಲ್ ತೆಗೆದೆ. ಹಮಾಲಿ ಸೆಟ್‌ಬ್ಯಾಗ್ಸ್ ಒಳಗೆ ಕೂತಿತ್ತು.